ಹೊಳೆ ಬರುವ ದಾರಿಯಲ್ಲಿ ಮಗಳ ಮನೆ

ಮೊದಲ ದಿನ, ಶುಕ್ರವಾರ

ನಮ್ಮ ಮನೆ ಇರುವುದು ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ, ತುಂಗಭದ್ರಾ ಅಣೆಕಟ್ಟೆಯ ಮಗ್ಗುಲಲ್ಲಿ. ಜೂನ್ ಕಳೆಯುತ್ತಿದ್ದಂತೆ ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಕೇಳುವ ಮಾತು, ಡ್ಯಾಮಿಗೆ ನೀರು ಎಷ್ಟು ಬಂತು ಎಂಬುದು. ಒಳಹರಿವು ಎಷ್ಟು ಕ್ಯುಸೆಕ್, ಮಟ್ಟ ಎಷ್ಟು ಅಡಿ ಎಂದು ನೋಡದೆ ಯಾರೂ ಪತ್ರಿಕೆ ಮಡಚಿಡುವುದಿಲ್ಲ. ಆ ನೀರು ಶಿವಮೊಗ್ಗದ ಕಡೆಯಿಂದ ಬರುತ್ತದೆ ಎಂದು 31 ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ದೇನೆ, ಆದರೆ ಆ ಊರನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಕಳೆದ ಜುಲೈಯಲ್ಲಿ ಮಗಳಿಗೆ ಅಲ್ಲಿಯ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಹಾಜರಾಗುವಂತೆ ಆದೇಶ ಬಂದಾಗ, ಮನೆ ಹೂಡಿಕೊಟ್ಟು ಬರಲೆಂದು ಆರು ದಿನದ ಮಟ್ಟಿಗೆ ನಾನೂ ಜೊತೆಗೆ ಹೊರಟೆ.

ಸಾಮಾನನ್ನೆಲ್ಲ ಪಿಕಪ್ ಗಾಡಿಗೆ ಹೇರಿ ಬೆಳಗಿನ ಜಾವ ಬಿಟ್ಟೆವು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹರಿಹರ, ಹೊನ್ನಾಳಿಗಳ ಮೇಲೆ ಹಾಯುವ ಆ ದಾರಿ ಬಹುಮಟ್ಟಿಗೆ ಹೊಳೆಗೆ ಎದುರಾಗಿ ಸಾಗುವ ದಾರಿ. ಅದು ಇಳಿದು ಬರುವ ದಿಕ್ಕಿಗೆ ನಾವು ಏರುತ್ತಿದ್ದೆವು. ಹರಪನಹಳ್ಳಿಯ ಸುತ್ತ ಮೆಕ್ಕೆಜೋಳ ಮೊಣಕಾಲೆತ್ತರ ಬೆಳೆದು ಮಳೆಗೆ ಬಾಯಿ ಬಿಟ್ಟುಕೊಂಡು ನಿಂತಿತ್ತು. ಹೊನ್ನಾಳಿ ದಾಟಿದ ಮೇಲೆ ಅದೇ ದಿನ, ಅದೇ ಹೊತ್ತಿನಲ್ಲಿ, ಗದ್ದೆಗಳಲ್ಲಿ ನೀರು ನಿಂತಿತ್ತು, ಅಡಿಕೆ ತೋಟಗಳು ಕಪ್ಪಗೆ ಕಾಣುತ್ತಿದ್ದವು. ಶಿವಮೊಗ್ಗ ಇನ್ನೂ ಎಂಟು ಹತ್ತು ಕಿಲೋಮೀಟರ್ ಇರುವಾಗ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಗುಡುಗಿ, ಧೂಳೆಬ್ಬಿಸಿ, ಬಂದೆನೆಂದು ಹೇಳಿ ಬರುತ್ತದೆ. ಈ ಮಳೆಗೆ ಸದ್ದೇ ಇರಲಿಲ್ಲ. ಯಾವಾಗ ಶುರುವಾಯಿತೆಂದು ನಮಗೆ ತಿಳಿಯುವಷ್ಟರಲ್ಲಿ ಹಿಂದೆ ತಾಡಪಾಲಿನ ಒಂದು ಮೂಲೆ ಬಿಚ್ಚಿಕೊಂಡು ಹತ್ತಿಯ ಗಾದಿ ಅರ್ಧಕ್ಕರ್ಧ ನೆನೆದಿತ್ತು. ಜುಲೈಯಲ್ಲಿ ಮಲೆನಾಡಿಗೆ ಸಾಮಾನು ಸಾಗಿಸುವವರು ಗಾದಿಯನ್ನು ಗಾಡಿಯ ನಡುವೆ, ಪಾತ್ರೆಗಳ ಮರೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಮನೆ ವಿನೋಬನಗರದ ಒಂದು ಅಡ್ಡರಸ್ತೆಯಲ್ಲಿ, ಮೊದಲನೆಯ ಮಹಡಿಯಲ್ಲಿ. ಕೆಳಗೆ ವಾಸಿಸುವ ಮನೆಯೊಡತಿ ತೀರ್ಥಹಳ್ಳಿ ಕಡೆಯವರು, ನನ್ನದೇ ವಯಸ್ಸು. ಬಾಡಿಗೆಯ ಕರಾರನ್ನು ಮಾತಾಡೋಣವೆಂದು ನಾನು ಕುಳಿತರೆ ಅವರು ಎದ್ದು ನಿಂತರು. "ಅಡ್ವಾನ್ಸಿನ ವಿಷಯ ಆಮೇಲೆ ಇರಲಿ ಅಕ್ಕ, ಮೊದಲು ಬಟ್ಟೆ ಎಲ್ಲಿ ಒಣಗ್ಸೋದು ಅಂತ ನೋಡಿ" ಎಂದು ತಾರಸಿಗೆ ಕರೆದುಕೊಂಡು ಹೋದರು. ಅಲ್ಲಿ ತಗಡಿನ ಮಾಡು ಹಾಕಿ ಅದರ ಕೆಳಗೆ ಏಳೆಂಟು ನೈಲಾನ್ ಹಗ್ಗ ಕಟ್ಟಿದ್ದರು. ಈ ಊರಲ್ಲಿ ಮನೆ ಹಿಡಿಯುವಾಗ ನಲ್ಲಿಯ ನೀರನ್ನೂ ಗಾಳಿ ಬೆಳಕನ್ನೂ ವಿಚಾರಿಸುವುದಕ್ಕೆ ಮೊದಲು ಇಂಥ ಮಾಡು ಇದೆಯೇ ಎಂದು ಕೇಳಬೇಕೆಂಬುದು ಮರುದಿನವೇ ನಮಗೆ ಅರ್ಥವಾಯಿತು. ನೆನೆದ ಗಾದಿಯನ್ನು ಮುಟ್ಟಿ ನೋಡಿ, ಇದಕ್ಕೆ ನಾಲ್ಕು ದಿನ ಬೇಕು ಎಂದರು. ಒಳಗಿನಿಂದ ಒಂದು ಚಾಪೆ, ಎರಡು ಕಂಬಳಿ ತಂದುಕೊಟ್ಟರು. ನಾವು ಆ ಮನೆಯಲ್ಲಿ ಮೊದಲ ರಾತ್ರಿ ಮಲಗಿದ್ದು ಅವರ ಕಂಬಳಿ ಹೊದ್ದು.

ಎರಡನೆಯ ದಿನ, ಶನಿವಾರ

ಊರಿನಿಂದ ನಾನು ಐವತ್ತು ಖಡಕ್ ರೊಟ್ಟಿ ಬಡಿದು, ಸುಟ್ಟು, ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿದ್ದೆ. ನಮ್ಮಲ್ಲಿ ಹೀಗೆ ಕಟ್ಟಿಟ್ಟ ಜೋಳದ ರೊಟ್ಟಿ ತಿಂಗಳಾದರೂ ಮುರಿದರೆ ಕಟಕ್ಕೆನ್ನುತ್ತದೆ. ಬೆಳಿಗ್ಗೆ ಗಂಟು ಬಿಚ್ಚಿ ಒಂದನ್ನು ಎತ್ತಿದೆ; ಅದು ಕೈಯಿಂದ ಎರಡೂ ಕಡೆಗೆ ಒದ್ದೆ ಕರವಸ್ತ್ರದ ಹಾಗೆ ಜೋತುಬಿತ್ತು. ಮುರಿಯಲು ಹೋದರೆ ಮುರಿಯಲಿಲ್ಲ, ಚರ್ಮದಂತೆ ಎಳೆದುಕೊಂಡಿತು. ಅಂಚಿನಲ್ಲಿ ಕೈಯ ಬೆರಳಚ್ಚು ಹಾಗೇ ಉಳಿದಿತ್ತು. ಒಂದೇ ಒಂದು ರಾತ್ರಿಯ ಗಾಳಿಗೆ ಐವತ್ತಕ್ಕೆ ಐವತ್ತೂ ಮೆತ್ತಗಾಗಿದ್ದವು. ಉಪ್ಪಿನ ಡಬ್ಬಿಯ ತಳದಲ್ಲಿ ನೀರಾಡುತ್ತಿತ್ತು. ಬೆಂಕಿಪೆಟ್ಟಿಗೆಯ ಆರು ಕಡ್ಡಿ ಗೀರಿದರೂ ಒಂದೂ ಹತ್ತಲಿಲ್ಲ. ಗಟ್ಟಿಗಿತ್ತಿಯಾದ ನನ್ನ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಈ ಮೂರನ್ನೂ ನೋಡಿ, "ಅವ್ವಾ, ಇಲ್ಲಿ ಹೆಂಗ ಇರೂದ ನಾನು?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಹೊಸ ಊರು, ಹೊಸ ಕೆಲಸ ಎಂಬ ದೊಡ್ಡ ಮಾತುಗಳಿಗೆ ಅವಳು ಹೆದರಿರಲಿಲ್ಲ. ರೊಟ್ಟಿಯೊಂದು ಜೋತುಬಿದ್ದದ್ದು ಅವಳನ್ನು ಅಲುಗಾಡಿಸಿತು. ನನಗೂ ಒಳಗೊಳಗೆ ಹಾಗೆಯೇ ಆಗಿತ್ತು.

ಕೆಳಗಿನ ಅಕ್ಕ ಕಾಫಿ ತಂದವರು ರೊಟ್ಟಿಯನ್ನು ನೋಡಿ, ಎರಡನ್ನು ಹೆಂಚಿನ ಮೇಲೆ ಹಾಕಿ ಸಣ್ಣ ಉರಿಯಲ್ಲಿ ಒತ್ತಿದರು. ಅವು ಮತ್ತೆ ಗರಿಗರಿಯಾದವು. ಮಿಕ್ಕವನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ತುಂಬಿಸಿ, ಮಳೆಗಾಲ ಮುಗಿಯುವವರೆಗೂ ಹಿಟ್ಟು ಬೇಳೆಗಳನ್ನು ವಾರಕ್ಕೆ ಆಗುವಷ್ಟೇ ತರಬೇಕು, ಬೀರುವಿನಲ್ಲಿ ರೇಷ್ಮೆ ಸೀರೆ ಇಡಬಾರದು, ಚಪ್ಪಲಿಯನ್ನು ದಿನ ಬಿಟ್ಟು ದಿನ ಒರೆಸದಿದ್ದರೆ ಬೂಷ್ಟು ಹಿಡಿಯುತ್ತದೆ ಎಂದು ಒಂದೊಂದಾಗಿ ಹೇಳಿದರು. ಮಗಳು ಅದನ್ನೆಲ್ಲ ಮೊಬೈಲಿನಲ್ಲಿ ಬರೆದುಕೊಂಡಳು.

ಗ್ಯಾಸು, ಹಾಲು, ಪತ್ರಿಕೆಗಳ ಏರ್ಪಾಡು ಮಧ್ಯಾಹ್ನದೊಳಗೆ ಮುಗಿಯಿತು. ಸಂಜೆ ಗಾಂಧಿ ಬಜಾರಿಗೆ ಹೋದೆವು. ಮಳೆ ಸುರಿಯುತ್ತಲೇ ಇದ್ದರೂ ಅಲ್ಲಿಯ ವ್ಯಾಪಾರ ಒಂದಿಷ್ಟೂ ನಿಂತಿರಲಿಲ್ಲ. ಕೊಡೆಗೆ ಕೊಡೆ ತಾಗುತ್ತಿದ್ದರೂ ಯಾರೂ ಸಿಡುಕುತ್ತಿರಲಿಲ್ಲ. ಉಳ್ಳಾಗಡ್ಡಿ ಎಂದರೆ ಅಂಗಡಿಯಾತ ನಕ್ಕು ಈರುಳ್ಳಿ ತೂಗಿದ, ಚುರುಮುರಿ ಎಂದರೆ ಮಂಡಕ್ಕಿ ಅಳೆದ. ಆದರೆ ಕೆಸುವಿನ ಸೊಪ್ಪು, ಅಮಟೆಕಾಯಿ, ಮೊಗೆಕಾಯಿಗಳಿಗೆ ನನ್ನ ಬಳಿ ನಮ್ಮ ಕಡೆಯ ಹೆಸರೇ ಇರಲಿಲ್ಲ. ಗೋಣಿತಾಟಿನ ಮೇಲೆ ಕುಳಿತಿದ್ದ ಹೆಂಗಸೊಬ್ಬರು ದಂತದ ಬಣ್ಣದ, ಪದರು ಪದರಾದ ಎಳೆಯ ಕೋಡುಗಳನ್ನು ಇಟ್ಟುಕೊಂಡಿದ್ದರು. ಅದು ಕಳಲೆ, ಬಿದಿರಿನ ಮೊಳಕೆ. "ತಗೊಂಡು ಹೋಗಿ ಇವತ್ತೇ ಪಲ್ಯ ಮಾಡಬೇಡಿ ಮತ್ತೆ. ತೆಳ್ಳಗೆ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲು ಮಾಡಿ. ಮೂರು ದಿನ ಬಿಟ್ಟು ಮಾಡಿದ್ರೆ ಕಹಿ ಹೋಗಿರುತ್ತೆ" ಎಂದು ಅವರು ಎರಡು ಸಲ ಹೇಳಿದರು. ಹಸಿ ಕಳಲೆಯಲ್ಲಿ ಕಹಿಯಷ್ಟೇ ಅಲ್ಲ, ನಂಜಿನ ಅಂಶವೂ ಇರುತ್ತದೆ. ನೀರು ಬದಲಿಸಿ ಬೇಯಿಸಿದ ಮೇಲಷ್ಟೇ ಅದು ಹೋಗುತ್ತದೆ. ರಾತ್ರಿ ಹೆಚ್ಚಿ, ದೊಡ್ಡ ಬೋಗುಣಿಯಲ್ಲಿ ಮುಳುಗಿಸಿಟ್ಟೆ.

ಮೂರನೆಯ ದಿನ, ಭಾನುವಾರ

ಮಗಳಿಗೆ ಆನೆ ನೋಡಬೇಕಿತ್ತು, ನನಗೆ ಗಾಜನೂರಿನ ಅಣೆಕಟ್ಟೆ ನೋಡಬೇಕಿತ್ತು. ಎರಡೂ ತೀರ್ಥಹಳ್ಳಿ ರಸ್ತೆಯಲ್ಲೇ ಇವೆ. ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳನ್ನು ನೀರಿಗಿಳಿಸುವುದು ಬೆಳಗಿನ ಹೊತ್ತಿನಲ್ಲಾದ್ದರಿಂದ ಮೊದಲು ಅಲ್ಲಿಗೆ ಹೋದೆವು. ಮರಿಯೊಂದು ತಾಯಿಯ ಹೊಟ್ಟೆಯ ಕೆಳಗೆ ಮಳೆಗೆ ಮರೆಯಾಗಿ ನಿಂತದ್ದನ್ನು ನೋಡಿ ಮಗಳು ಎರಡು ದಿನದ ಮೇಲೆ ಮೊದಲ ಬಾರಿಗೆ ಬಾಯಿತುಂಬ ನಕ್ಕಳು.

ಗಾಜನೂರಿನಲ್ಲಿ ಗೇಟುಗಳನ್ನು ಎತ್ತಿದ್ದರು. ಕೆಂಪು ನೀರು ನೊರೆಯೆದ್ದು ಧುಮುಕುತ್ತಿತ್ತು. ಆ ಮೊರೆತ ಕಿವಿಗೆ ಬೀಳುತ್ತಲೇ ನನ್ನ ಎದೆ ಒಂದು ಗಳಿಗೆ ಬಿಗಿಯಿತು. 2024ರ ಆಗಸ್ಟ್ 10ರ ರಾತ್ರಿ ನಮ್ಮ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ ನಾವು ನಿದ್ದೆ ಬಿಟ್ಟು ಕುಳಿತಿದ್ದೆವು. ವರ್ಷದ ಅನ್ನದ ನೀರು ಕಣ್ಣೆದುರಿಗೇ ಹೊಳೆಗೆ ಹೋಗುವುದನ್ನು ನೋಡುತ್ತ, ಹರಿಯುವ ನೀರಿನಲ್ಲೇ ತಡೆಹಲಗೆ ಇಳಿಸುವವರೆಗೂ ಇಡೀ ವಾರ ಊರಿಗೆ ಊರೇ ದಂಡೆಯ ಮೇಲಿತ್ತು. ಗೇಟಿನಿಂದ ಹಾರುವ ನೀರು ನನಗೆ ಅಂದಿನಿಂದ ಬರಿಯ ಚಂದದ ನೋಟವಾಗಿ ಉಳಿದಿಲ್ಲ. ಮಗಳಿಗೆ ಇದು ಗೊತ್ತು. ಅವಳು ಏನೂ ಹೇಳದೆ ನನ್ನ ತೋಳು ಹಿಡಿದುಕೊಂಡು ನಿಂತಳು.

ಅಲ್ಲಿ ಚಹಾ ಮಾರುತ್ತಿದ್ದವರು ಹೇಳಿದ ಮಾತು ನನ್ನ ಪಾಠದಲ್ಲಿ ಇರಲಿಲ್ಲ. ಗಾಜನೂರು ಸಣ್ಣ ಪಾತ್ರೆ, ಮೂರು ಟಿಎಂಸಿಗೆ ತುಸು ಹೆಚ್ಚು ಹಿಡಿದರೆ ಮುಗಿಯಿತು. ಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆ ನಾಲ್ಕು ದಿನ ಜಡಿಮಳೆ ಹಿಡಿದರೆ ತುಂಬಿ, ಬಂದದ್ದನ್ನೆಲ್ಲ ಕೆಳಗೆ ಬಿಡುತ್ತದೆ. ಭದ್ರೆ ಹಾಗಲ್ಲ. ಲಕ್ಕವಳ್ಳಿಯ ಕಟ್ಟೆ 70 ಟಿಎಂಸಿಗೂ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಆ ಹೊಳೆ ತಡವಾಗಿ ಮೈದುಂಬುತ್ತದೆ. ಹಾಗಾದರೆ ಮಳೆಗಾಲದ ಆರಂಭದಲ್ಲಿ ನಮ್ಮ ಡ್ಯಾಮಿಗೆ ಬರುವುದು ಹೆಚ್ಚಾಗಿ ಈ ತುಂಗೆಯ ಕೆಂಪು ನೀರು. ನಾವು ಪತ್ರಿಕೆಯಲ್ಲಿ ಓದುವ ಕ್ಯುಸೆಕ್ಕಿನ ಅಂಕಿ ಇಲ್ಲಿ ನನ್ನ ಕಣ್ಣೆದುರಿಗೆ ಹಾರುತ್ತಿತ್ತು.

ಮಂಡಗದ್ದೆಯವರೆಗೆ ಬಸ್ಸಿನಲ್ಲಿ ಮುಂದುವರಿದೆವು. ರಸ್ತೆಯ ಪಕ್ಕದಲ್ಲೇ, ಹೊಳೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವ ಕಾಲ ಅದು. ಮರಗಳು ಸೊಂಟದವರೆಗೆ ಪ್ರವಾಹದಲ್ಲಿ ನಿಂತಿದ್ದರೂ ಮೇಲೆ ಸಂಸಾರಗಳು ನಿಶ್ಚಿಂತೆಯಾಗಿ ನಡೆದಿದ್ದವು. ತೀರ್ಥಹಳ್ಳಿಗೂ ಹೋಗಿಬರೋಣವೆಂದು ಇನ್ನೊಂದು ಬಸ್ಸು ಹತ್ತಿದೆವು. ಮೂರು ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ದೊಡ್ಡ ಮರವೊಂದು ಬುಡಸಮೇತ ರಸ್ತೆಗೆ ಅಡ್ಡ ಬಿದ್ದಿತ್ತು. ಚಾಲಕರು ಎಂಜಿನ್ ಆರಿಸಿ ಕೆಳಗಿಳಿದರು, ಪ್ರಯಾಣಿಕರೂ ಇಳಿದರು. ಗೊಣಗಾಟವೇ ಇರಲಿಲ್ಲ. ಯಾರೋ ಹತ್ತಿರದ ಮನೆಯಿಂದ ಗರಗಸ ತಂದರು.

ಹತ್ತು ಹೆಜ್ಜೆ ಹಿಂದೆ ಒಂದು ಸಣ್ಣ ಹೋಟೆಲು ಇತ್ತು. ಒಲೆಯ ಮೇಲಿನ ಹಬೆಯಿಂದ ಆಗತಾನೇ ತೆಗೆದ ಅಕ್ಕಿಯ ಕಡುಬು, ಕಾಯಿ ಚಟ್ನಿ, ಮೇಲೆ ಒಂದು ಚಮಚ ತುಪ್ಪ. ನೆನೆದು ನಡುಗುವಾಗ ಅದರ ಬಿಸಿ ಅಂಗೈಯಿಂದ ಮೈಗೆಲ್ಲ ಹರಡಿದ್ದನ್ನು ಈಗಲೂ ಮರೆತಿಲ್ಲ. ಎದುರು ಬೆಂಚಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡ ಹಿರಿಯರೊಬ್ಬರು ಬಾಗಿಲಾಚೆ ಆಕಾಶವನ್ನೇ ನೋಡುತ್ತಿದ್ದರು. ಅಡಿಕೆ ಬೆಳೆಗಾರರು. ನಾವು ಮಳೆಯ ಸೀಮೆಗೆ ಬಂದು ಮಳೆಯನ್ನು ಹೊಗಳಿದರೆ ಅವರಿಗೆ ಹಿತವೆನಿಸಲಿಲ್ಲ. "ಒಂದು ದಿನವಾದ್ರೂ ಹೊಳವಾಗಬೇಕು ತಾಯೀ. ಹೊಳವಾಗದಿದ್ರೆ ಔಷಧಿ ಹೊಡೆಯೋದು ಹೇಗೆ?" ಎಂದರು. ಮಳೆ ನಿಂತು ಬೆಳಕು ಬಿಡುವುದಕ್ಕೆ ಇಲ್ಲಿಯವರು ಹೊಳವಾಗುವುದು ಎನ್ನುತ್ತಾರೆ. ಜಡಿಮಳೆಯಲ್ಲಿ ಅಡಿಕೆಗೆ ಕೊಳೆರೋಗ ತಗುಲಿದರೆ ಎಳೆಗಾಯಿ ಕಪ್ಪಾಗಿ ಮರದ ಬುಡದಲ್ಲಿ ಉದುರಿಬೀಳುತ್ತದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯಬೇಕು, ಆದರೆ ಅದು ಗೊನೆಗೆ ಅಂಟಲು ಕೆಲವು ಗಂಟೆಗಳಾದರೂ ಮಳೆ ಬಿಡಬೇಕು. ಹೊಳವಾದ ದಿನ ಎಲ್ಲರ ತೋಟಕ್ಕೂ ಒಮ್ಮೆಗೇ ಮರ ಹತ್ತುವ ಕೊನೆಗೌಡರು ಬೇಕಾಗುತ್ತಾರೆ, ಸಿಗುವುದಿಲ್ಲ. ಅವರು ಸ್ವರ ಏರಿಸದೆ ಇದನ್ನೆಲ್ಲ ಹೇಳಿ, ನಮ್ಮ ಊರು ಯಾವುದೆಂದು ಕೇಳಿದರು. ಮುನಿರಾಬಾದು ಎಂದೆ. "ಹಾಗಾದ್ರೆ ನಮ್ಮ ತೋಟ ತೊಳೆದ ನೀರು ನಿಮ್ಮಲ್ಲಿಗೇ ಬರುತ್ತೆ" ಎಂದರು.

ಮರ ಕಡಿದು ಸರಿಸಲು ಒಂದೂವರೆ ಗಂಟೆ ಹಿಡಿಯಿತು. ತೀರ್ಥಹಳ್ಳಿ ಕೈಬಿಟ್ಟು ಹಿಂದಿರುಗಿದೆವು. ಮನೆಗೆ ಬಂದು ನೋಡಿದರೆ ನನ್ನ ಹಿಮ್ಮಡಿಯ ಮೇಲೆ ಇಂಬಳ ಕಚ್ಚಿ, ರಕ್ತ ಕುಡಿದು ಬಿದ್ದುಹೋಗಿತ್ತು, ನೋವೇ ತಿಳಿದಿರಲಿಲ್ಲ.

ನಾಲ್ಕನೆಯ ದಿನ, ಸೋಮವಾರ

ಮಗಳು ಕೆಲಸಕ್ಕೆ ಹಾಜರಾದಳು. ಬ್ಯಾಂಕಿನ ಬಾಗಿಲವರೆಗೆ ಹೋಗಿ ಬಿಟ್ಟುಬಂದೆ. ಒಳಗೆ ಕಾಲಿಡುವಲ್ಲೇ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ಟು ಇಟ್ಟಿದ್ದರು. ಬಂದವರೆಲ್ಲ ಕೊಡೆಯನ್ನು ಅದರಲ್ಲಿ ಊರಿ ಒಳಗೆ ಹೋಗುತ್ತಿದ್ದರು. ಎಲ್ಲವೂ ಕಪ್ಪು, ಎಲ್ಲವೂ ಉದ್ದ, ಹಿಡಿಕೆಗೆ ಒಬ್ಬೊಬ್ಬರದು ಒಂದೊಂದು ಬಣ್ಣದ ದಾರದ ಗುರುತು. ಮಗಳ ಮಡಚುವ ಕೊಡೆ ಅಲ್ಲಿ ಪುಟ್ಟ ಮಗುವಿನಂತೆ ಕಂಡಿತು. ಹಿಂದಿರುಗುವಾಗ ನನ್ನದು ಗಾಳಿಗೆ ತಿರುವಿಕೊಂಡು ಎರಡು ಕಡ್ಡಿ ಮುರಿಯಿತು. ದುರ್ಗಿಗುಡಿಯ ಅಂಗಡಿಯಲ್ಲಿ ದಪ್ಪ ಕಡ್ಡಿಯ ಎರಡು ಉದ್ದನೆಯ ಕೊಡೆ ಕೊಂಡು, ಹಿಡಿಕೆಗಳಿಗೆ ನನ್ನ ಹಳೆಯ ಇಳಕಲ್ ಸೀರೆಯ ಕೆಂಪು ಅಂಚನ್ನು ಹರಿದು ಕಟ್ಟಿದೆ.

ಸಂಜೆ ಮಗಳು ಹೊಸ ಪದಗಳ ಗಂಟನ್ನೇ ಹೊತ್ತು ಬಂದಳು. ಸಾಲಕ್ಕೆ ಬಂದವರೆಲ್ಲ ಅಡಿಕೆಯ ಮಾತೇ ಆಡುತ್ತಾರಂತೆ: ರಾಶಿ, ಬೆಟ್ಟೆ, ಸರಕು, ಗೊರಬಲು. ಎಳೆಯ ಕಾಯಿಯ ಸರಕಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ, ಬಲಿತು ಹೋದ ಗೊರಬಲಿಗೆ ಕಡಿಮೆ. 1939ರಲ್ಲಿ ಹುಟ್ಟಿದ ಮ್ಯಾಮ್‌ಕೋಸ್ ಸಹಕಾರ ಸಂಘದಲ್ಲಿ ಅಂದಿನ ಧಾರಣೆ ಎಷ್ಟೆಂದು ತಿಳಿಯದೆ ಇಲ್ಲಿ ಯಾರೂ ಮದುವೆಯನ್ನಾಗಲಿ ಮನೆ ಕಟ್ಟುವುದನ್ನಾಗಲಿ ನಿಶ್ಚಯಿಸುವುದಿಲ್ಲವೆಂದು ಅವಳ ಸಹೋದ್ಯೋಗಿ ಹೇಳಿದರಂತೆ. ನಮಗೆ ಡ್ಯಾಮಿನ ಮಟ್ಟ ಹೇಗೋ ಇವರಿಗೆ ಅಡಿಕೆಯ ಧಾರಣೆ ಹಾಗೆ ಎಂದು ಅವಳೇ ಹೋಲಿಸಿದಳು.

ಐದನೆಯ ದಿನ, ಮಂಗಳವಾರ

ಬೆಳಿಗ್ಗೆ ಒಬ್ಬಳೇ ಹಳೆಯ ಊರಿನ ಕಡೆ ನಡೆದು ಕೋರ್ಪಲಯ್ಯನ ಛತ್ರದ ಬಳಿ ಹೊಳೆಯ ದಂಡೆಗೆ ಹೋದೆ. ಅಲ್ಲಿ ನೀರಿನ ನಡುವೆ ಒಂದು ಕಲ್ಲಿನ ಮಂಟಪವಿದೆ. ಶಿವಮೊಗ್ಗದವರಿಗೆ ಅದೇ ಹೊಳೆಯ ಅಳತೆಗೋಲು; ಮಂಟಪ ಮುಳುಗಿದರೆ ತುಂಗೆ ತುಂಬಿದಳು ಎಂದು ಲೆಕ್ಕ, ಜನ ಬಂದು ನೋಡಿ, ಪೂಜಿಸಿ ಹೋಗುತ್ತಾರೆ. ಅಂದು ಕಂಬಗಳ ಅರ್ಧದವರೆಗೆ ನೀರಿತ್ತು. ಮರದ ರೆಂಬೆಯೊಂದು ತೇಲಿಬಂದು ಕಂಬಕ್ಕೆ ತಡೆದು, ಸ್ವಲ್ಪ ಹೊತ್ತು ನಡುಗಿ, ಬಿಡಿಸಿಕೊಂಡು ಹೋಯಿತು.

ದಂಡೆಯ ಮೇಲೆ ಹೂ ಕಟ್ಟುತ್ತಿದ್ದ ಹೆಂಗಸು ನನ್ನನ್ನು ನೋಡಿ, "ನಿನ್ನೆಗಿಂತ ಒಂದು ಮೊಳ ಏರಿದೆ" ಎಂದರು, ನಾನು ಕೇಳದಿದ್ದರೂ. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂದಾಗ ಮನೆಯ ಪಾತ್ರೆಗಳೆಲ್ಲ ಕೆಸರಾಗಿದ್ದವೆಂದೂ ಹೂವಿನ ಬುಟ್ಟಿಯನ್ನು ಮಾತ್ರ ಅಟ್ಟದ ಮೇಲೆ ಎಸೆದು ಉಳಿಸಿಕೊಂಡೆನೆಂದೂ ಹೇಳಿದರು. ಅವರ ಮಾತಿನಲ್ಲಿ ಹೊಳೆಯ ಮೇಲೆ ಸಿಟ್ಟಿರಲಿಲ್ಲ. ಹೊಸದಾಗಿ ಬಂದವರು ದಂಡೆಗೆ ಹತ್ತಿರದ ತಗ್ಗಿನ ಬಡಾವಣೆಗಳಲ್ಲಿ ಮನೆ ಹಿಡಿಯುವ ಮೊದಲು ಆ ವರ್ಷ ನೀರು ಗೋಡೆಯ ಎಲ್ಲಿಯವರೆಗೆ ಬಂದಿತ್ತೆಂದು ಕೇಳಲೇಬೇಕು. ಕೇಳಿದರೆ ಯಾರೂ ಮುಚ್ಚಿಡುವುದಿಲ್ಲ.

ರಾತ್ರಿ ಕಳಲೆ ತಯಾರಾಗಿತ್ತು. ಮೂರು ಸಲ ನೀರು ಬದಲಿಸಿದ ಮೇಲೂ ಬೋಗುಣಿಯಲ್ಲಿ ತುಸು ಒಗರು ವಾಸನೆ ಉಳಿದಿತ್ತು. ಬೇಯಿಸಿ, ಆ ನೀರನ್ನೂ ಬಸಿದು, ಕಾಯಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕೆಳಗಿನ ಅಕ್ಕ ಹೇಳಿಕೊಟ್ಟಂತೆ ಪಲ್ಯ ಮಾಡಿದೆ. ಹೆಂಚಿನ ಮೇಲೆ ಬಿಸಿ ಮಾಡಿದ ನಮ್ಮ ಜೋಳದ ರೊಟ್ಟಿಯ ಜೊತೆಗೆ ಅದನ್ನು ಮೂವರೂ ಕುಳಿತು ಉಂಡೆವು. ಅಕ್ಕ ನಾಲ್ಕು ರೊಟ್ಟಿ ತಿಂದು, ಎರಡನ್ನು ಮಗನಿಗೆಂದು ಸೆರಗಿನಲ್ಲಿ ಕಟ್ಟಿಕೊಂಡರು. ಗಾದಿಯೂ ಅಂದೇ ಒಣಗಿತು, ಅವರು ಹೇಳಿದ ಲೆಕ್ಕಕ್ಕೆ ಸರಿಯಾಗಿ.

ಆರನೆಯ ದಿನ, ಬುಧವಾರ

ಮಧ್ಯಾಹ್ನದ ಬಸ್ಸಿಗೆ ಹೊರಡುವುದಿತ್ತು. ಬೆಳಿಗ್ಗೆ ಬೇಗನೆ ಆಟೋದಲ್ಲಿ ಅಕ್ಕನೂ ನಾನೂ ಕೂಡಲಿಗೆ ಹೋಗಿಬಂದೆವು. ಶಿವಮೊಗ್ಗದಿಂದ 15 ಕಿಲೋಮೀಟರಿನಷ್ಟು ದೂರ. ತುಂಗೆ ಭದ್ರೆಯರು ಸೇರುವ ಜಾಗ ಅದು. ಒಂದು ಕಡೆಯಿಂದ ತುಂಗೆ ಇಟ್ಟಿಗೆ ಬಣ್ಣದಲ್ಲಿ ನುಗ್ಗಿ ಬರುತ್ತಿದ್ದರೆ, ಇನ್ನೊಂದು ಕಡೆಯಿಂದ ಭದ್ರೆ ಸಣ್ಣಗೆ, ತಿಳಿಯಾಗಿ ಬಂದು ಅವಳ ಪಕ್ಕದಲ್ಲಿ ಸ್ವಲ್ಪ ದೂರ ಬೇರೆಯಾಗಿಯೇ ನಡೆಯುತ್ತಿದ್ದಳು. ಚಹಾದವರು ಹೇಳಿದ್ದು ಇಲ್ಲಿ ಬಣ್ಣವಾಗಿ ಕಾಣುತ್ತಿತ್ತು. ಅಕ್ಕ ಬೊಗಸೆಯಲ್ಲಿ ನೀರೆತ್ತಿ, "ತುಂಗಾ ಪಾನ, ಗಂಗಾ ಸ್ನಾನ ಅಂತಾರೆ, ಆದ್ರೆ ಈ ಕೆಂಪು ನೀರು ಕುಡಿಯೋದು ಬೇಡ ಮಾರಾಯ್ರೆ, ತಲೆಗೆ ಹಾಕ್ಕೊಳ್ಳಿ ಸಾಕು" ಎಂದರು. ಹಾಕಿಕೊಂಡೆ. ಇಲ್ಲಿಂದ ಮುಂದೆ ಹರಿಯುವ ಹೊಳೆಯ ಹೆಸರು ತುಂಗಭದ್ರೆ. ಇಲ್ಲಿಂದ ಮುಂದೆ ಅದು ನಮ್ಮದೂ ಹೌದು.

ಮಗಳು ಊಟದ ಬಿಡುವಿನಲ್ಲಿ ಬಸ್ ನಿಲ್ದಾಣಕ್ಕೆ ಓಡಿಬಂದಳು. ಕೆಂಪಂಚಿನ ಕೊಡೆಯ ಕೆಳಗೆ ಅವಳ ಎಡಭುಜ ನೆನೆದಿತ್ತು. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕು ಎಂದು ಹೇಳಿದೆ, ಬೇರೇನೂ ಹೇಳಲಾಗಲಿಲ್ಲ. ಬಸ್ಸು ಹೊನ್ನಾಳಿ ದಾಟುವವರೆಗೂ ಕಿಟಕಿಯ ಗಾಜು ಮಂಜುಗಟ್ಟಿತ್ತು. ಹರಿಹರದಲ್ಲಿ ಮಳೆ ಇರಲಿಲ್ಲ. ಹರಪನಹಳ್ಳಿಯ ಮೆಕ್ಕೆಜೋಳ ಹಾಗೆಯೇ ಕಾಯುತ್ತಿತ್ತು.

ಮುನಿರಾಬಾದಿಗೆ ಬಂದು ಎರಡನೆಯ ವಾರ, ಒಂದು ಬೆಳಿಗ್ಗೆ ಮಗಳ ಫೋನು ಬಂತು. ಕೆಲಸಕ್ಕೆ ಹೋಗುವ ಮೊದಲು ಛತ್ರದ ಕಡೆ ಹೋಗಿದ್ದಳಂತೆ. "ಅವ್ವಾ, ಮಂಟಪ ಮುಳುಗೇತಿ. ಇನ್ನ ನಿಮ್ಮಲ್ಲಿಗೆ ಬರತೈತಿ ನೋಡ್ರಿ" ಎಂದಳು. ಹಿತ್ತಲಲ್ಲಿ ನಿಂತು ಮಾತಾಡುತ್ತಿದ್ದ ನಾನು, ಅಲ್ಲಿ ಈಗಲೂ ಮಳೆ ಸುರಿಯುತ್ತಿದೆಯೇ ಎಂದು ಕೇಳಿದೆ. ರಾತ್ರಿಯೆಲ್ಲ ಹೊಡೆದು ಈಗ ಸ್ವಲ್ಪ ಹೊಳವಾಗೈತಿ, ಬಟ್ಟಿ ಒಗೆದು ಮ್ಯಾಲೆ ಹಾಕೀನಿ ಎಂದಳು.